ಜೋಳದ ಥರ್ಮೋಕೋಲು, ನನ್ನ ಬಚ್ಚಲುಮನೆ

ಪೆಟ್ರೋಲಿಯಂ ಮುಗಿದುಹೋದರೆ ಭೂಮಿಯ ಗತಿ ಏನು ಎಂದು ನನ್ನ ಗಂಡ ನಯಾಜ್ ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ ನನಗಿದ್ದ ಚಿಂತೆ ಒಂದೇ ಒಂದು. ಅದು ನಮ್ಮ ಬಚ್ಚಲುಮನೆ.

ನಗಬೇಡಿ. ಮದುವೆಯಾದ ಹೊಸತರಲ್ಲಿ ನಾನು ಫ್ರೇಜರ್ ಟೌನಿನ ನಮ್ಮ ಅತ್ತೆಮನೆಯಲ್ಲಿ ಬಾಳಿದವಳು. ಮನೆ ದೊಡ್ಡದು, ಸಂಸಾರ ಅದಕ್ಕಿಂತ ದೊಡ್ಡದು, ಬಚ್ಚಲುಮನೆ ಮಾತ್ರ ಒಂದೇ. ಬೆಳಗಾದರೆ ಅದರ ಮುಂದೆ ರೇಷನ್ ಅಂಗಡಿಯ ಸಾಲು. ಒಳಗೆ ಹೋಗಿ ಚಿಲಕ ಹಾಕಿ ಮೊದಲ ಚೊಂಬು ನೀರು ಹುಯ್ದುಕೊಳ್ಳುವಷ್ಟರಲ್ಲಿ ಯಾರಾದರೂ ಬಾಗಿಲು ತಟ್ಟುತ್ತಿದ್ದರು. ನನ್ನ ಓರಗಿತ್ತಿ ಫಹ್ಮಿದಾ ಸ್ಟೀಲ್ ಲೋಟದಿಂದ ತಟ್ಟುತ್ತಿದ್ದರು, ಅವರ ಮಗಳು ಲೈಬಾ ಕಾಲಿನಿಂದ. ಮೈಮೇಲೆ ಅರ್ಧ ಸೋಪು ಇಟ್ಟುಕೊಂಡೇ ಬೆನ್ಸನ್ ಟೌನಿನ ಶಾಲೆಗೆ ಓಡಿ, ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಡುತ್ತ ಕತ್ತು ಕೆರೆದುಕೊಂಡ ದಿನಗಳೆಷ್ಟೋ. ನಾನು ಕೋಲಾರದ ಕಡೆಯವಳು, ಕನ್ನಡ ಟೀಚರು. ಮನೆಯಲ್ಲಿ ನಾವಾಡುವುದು ದಖನಿ. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಗಂಡನನ್ನು ಎದುರಿಗೆ 'ರೀ' ಎನ್ನುತ್ತೇನೆ. ಬರೆಯುವಾಗಲೂ ಅಷ್ಟು ಮರ್ಯಾದೆ ಕೊಡಲು ನನ್ನಿಂದ ಆಗದು, ಕಾರಣ ನಿಮಗೇ ತಿಳಿಯುತ್ತದೆ.

ಹೇಗೋ ಕಾಡಿ ಬೇಡಿ, ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮಹಡಿಯ ಮೇಲೆ ಒಂದು ಪುಟ್ಟ ಬಾಡಿಗೆ ಮನೆ ಹಿಡಿದೆವು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ಆದರೆ ಬಚ್ಚಲುಮನೆ ನನ್ನದು. ಕೆಂಪು ಗಾರೆಯ ನೆಲ, ಮೂಲೆಯಲ್ಲಿ ಬಾಯ್ಲರು, ಕಿಟಕಿಯಾಚೆ ನುಗ್ಗೆಮರ, ನೀಲಿ ಬಣ್ಣದ ಪ್ಲಾಸ್ಟಿಕ್ ಬಾಗಿಲು. ಚಿಲಕ ಹಾಕಿಕೊಂಡು ಮನಸೋ ಇಚ್ಛೆ ನೀರು ಹುಯ್ದುಕೊಂಡರೂ ಯಾರೂ ಕೇಳುವವರಿಲ್ಲ. ಮೊದಲ ದಿನ ಅಲ್ಲಿ ಕೂತು ಸುಮ್ಮನೆ ಅತ್ತುಬಿಟ್ಟೆ, ಅಷ್ಟು ಸಂತೋಷವಾಗಿತ್ತು.

ನಯಾಜನಿಗೆ ಕೆ.ಆರ್. ಪುರದಲ್ಲಿ ಒಂದು ಶೆಡ್ಡು. ಅಲ್ಲಿ ಅವನು ಥರ್ಮೋಕೋಲ್ ಚೂರು ಮಾಡುತ್ತಿದ್ದ. ಗಾಜಿನ ಸಾಮಾನಿನ ಪೆಟ್ಟಿಗೆ ಬಿಚ್ಚಿದರೆ ಒಳಗೆ ಬಿಳಿಯದಾಗಿ, ಹಗುರವಾಗಿ ತುಂಬಿರುತ್ತದಲ್ಲ, ಅದೇ. ಅವನ ಅಣ್ಣ ಹಾಶಿಮ್ ಶಿವಾಜಿನಗರದ ಪಿಂಗಾಣಿ ವ್ಯಾಪಾರಿ. ಶೆಡ್ಡು ಇದ್ದದ್ದು ಅಣ್ಣನ ಹೆಸರಿನಲ್ಲಿ, ಚೂರು ಹೋಗುತ್ತಿದ್ದದ್ದು ಅಣ್ಣನ ಅಂಗಡಿಗೆ. ತಮ್ಮನಾದವನು ಕಣ್ಣೆದುರಿಗಿದ್ದರೆ ಚೆನ್ನ ಎಂಬುದು ಹಾಶಿಮ್ ಭಾಯಿಜಾನರ ಮನಸ್ಸು. ಶೆಡ್ಡು ಮುಚ್ಚಿದರೆ ನಯಾಜ್ ಶಿವಾಜಿನಗರದ ಗಲ್ಲಾದ ಪಕ್ಕದಲ್ಲಿ ಕೂರಬೇಕು, ನಾವು ಫ್ರೇಜರ್ ಟೌನಿಗೆ ಮರಳಬೇಕು. ಆದ್ದರಿಂದ ಥರ್ಮೋಕೋಲ್ ಮೇಲೆ ನನಗೆ ಬಹಳ ಗೌರವವಿತ್ತು.

ಎಲ್ಲ ಹಾಳಾದದ್ದು ಒಬ್ಬ ಹಲ್ಲಿನ ಡಾಕ್ಟರಿಂದ. ೨೦೦೩ರಲ್ಲಿ ಇರಬೇಕು, ಹಲ್ಲು ಕೀಳಿಸಲು ಹೋದ ನಯಾಜ್ ಅಲ್ಲಿ ಕಾಯುತ್ತ ಒಂದು ಹಳೆಯ ಪತ್ರಿಕೆ ಓದಿದ. ರಾಸಾಯನಿಕ ಕಾರ್ಖಾನೆಗಳು ಪೆಟ್ರೋಲಿಯಂನಿಂದ ಮಾಡುವ ಬಹುಪಾಲು ವಸ್ತುಗಳನ್ನು ಪಿಷ್ಟ, ಹುಲ್ಲು, ಕಬ್ಬಿನ ಸಿಪ್ಪೆಗಳಿಂದಲೂ ಮಾಡಬಹುದು ಎಂದು ಅದರಲ್ಲಿ ಬರೆದಿತ್ತಂತೆ. ಅವನು ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವನು. ಹಲ್ಲುನೋವು ಹೋಯಿತು, ತಲೆ ಕೆಟ್ಟಿತು.

ಅವತ್ತಿನಿಂದ ಮನೆಯಲ್ಲಿ ಯಾವ ಸಾಮಾನಿಗೂ ನೆಮ್ಮದಿ ಇಲ್ಲ. ಊಟಕ್ಕೆ ಕೂತರೆ ಬೆರಳು ತೋರಿಸುತ್ತಿದ್ದ.

"ಶಮೀಮ್, ಅದೇನು ಹೇಳು?"

"ಬಕೆಟ್."

"ಪೆಟ್ರೋಲಿಯಂ. ಇದು?"

"ಬಾಚಣಿಗೆ. ಊಟದ ಹೊತ್ತಲ್ಲಿ ಯಾಕೆ ತೋರಿಸ್ತೀರಿ?"

"ಪೆಟ್ರೋಲಿಯಂ. ನಿನ್ನ ನೈಲಾನ್ ಸೀರೆ, ನೆಲ ಒರೆಸೋ ಫಿನಾಯಿಲ್, ಗೋಡೆ ಬಣ್ಣ, ಎಲ್ಲಾ ನೆಲದಡಿಯಿಂದ ಬಂದದ್ದು. ಒಂದಿನ ಖಾಲಿಯಾಗುತ್ತೆ. ಹೊಲದ್ದು ಹಾಗಲ್ಲ, ಪ್ರತಿ ವರ್ಷ ಬೆಳೆಯುತ್ತೆ. ಅದಕ್ಕೆ ಬಯೋಮಾಸ್ ಅಂತಾರೆ."

"ಹಾಗಾದ್ರೆ ನಾನೇನು?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಬಹಳ ಪ್ರೀತಿಯಿಂದ ಹೇಳಿದ: "ನೀನು ಬಯೋಮಾಸ್."

ಅದು ಹೊಗಳಿಕೆ ಎಂದು ಆಮೇಲೆ ತಿಳಿಯಿತು. ಆಗ ಸೌಟು ಎತ್ತಿದ್ದೆ.

ಆಮೇಲೆ ಅವನ ಕಣ್ಣು ಬಚ್ಚಲುಮನೆಯ ನೀಲಿ ಬಾಗಿಲಿನ ಮೇಲೆ ಬಿತ್ತು. "ಅದೂ ಪೆಟ್ರೋಲಿಯಂ. ಪಿವಿಸಿ. ಕಬ್ಬಿನ ಸಿಪ್ಪೆ ಒತ್ತಿ ಒಂದು ಬಾಗಿಲು ಮಾಡಿಸಿದರೆ..."

"ಭೂಮೀಲಿ ಇರೋ ಪೆಟ್ರೋಲಿಯಂ ಪೂರ್ತಿ ಮುಗಿದ ಮೇಲೆ ಆ ಬಾಗಿಲಿಗೆ ಕೈ ಹಾಕಿ. ಅಲ್ಲೀವರೆಗೂ ಮುಟ್ಟಿದ್ರೆ ನೋಡಿ" ಎಂದೆ. ಅವನು ಬಾಗಿಲನ್ನು ಬಿಟ್ಟು ಥರ್ಮೋಕೋಲಿಗೆ ಕೈ ಹಾಕಿದ. ಅದೇ ನಾನು ಮಾಡಿದ ತಪ್ಪು ಲೆಕ್ಕ.

ಹೊರಮಾವಿನಲ್ಲಿ ಕುರುಕು ತಿಂಡಿ ಮಾಡುವ ಕಾರ್ಖಾನೆಯೊಂದು ಮುಚ್ಚಿಹೋಗಿತ್ತು. ಅದರ ಮೆಷಿನ್ ಎತ್ತಿಕೊಂಡು ಬಂದ. ಜೋಳದ ಹಿಟ್ಟಿಗೆ ಚೂರು ನೀರು ಚಿಮುಕಿಸಿ ಮೇಲಿನ ಬಾಯಿಗೆ ಸುರಿದರೆ, ಒಳಗಿನ ತಿರುಪು ಅದನ್ನು ಬಿಸಿಯಲ್ಲಿ ಒತ್ತಿಕೊಂಡು ಹೋಗಿ ಮುಂದಿನ ತೂತಿನಿಂದ ಹೊರಗೆ ತಳ್ಳುತ್ತದೆ. ಹೊರಗಿನ ಗಾಳಿ ತಾಗಿದ್ದೇ ತಡ, ಅದು ಪುಸ್ಸೆಂದು ಉಬ್ಬಿ ಬೆರಳಿನ ಗಾತ್ರದ ಬಿಳಿ ತುಂಡಾಗುತ್ತದೆ. ಹಗುರ, ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ, ಥೇಟ್ ಥರ್ಮೋಕೋಲು. ನಯಾಜ್ ಅದಕ್ಕೆ 'ಜೋಳೋಕೋಲ್' ಎಂದು ಹೆಸರಿಟ್ಟ. ಕನ್ನಡ ಟೀಚರಾಗಿ ನಾನು ಆಕ್ಷೇಪಿಸಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೆಷಿನ್ ನಡೆಸುತ್ತಿದ್ದವನು ಹುಸೇನಪ್ಪ. ಲಿಂಗಸುಗೂರಿನ ಕಡೆಯ ಹಳ್ಳಿಯವನು. ಅವನೂ ಅವನ ಹೆಂಡತಿ ಬಾಲಮ್ಮನೂ ಕಗ್ಗದಾಸಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಇಬ್ಬರೂ ಶೆಡ್ಡಿನಲ್ಲೇ ಕೆಲಸ ಮಾಡುತ್ತಿದ್ದರು. ಥರ್ಮೋಕೋಲಿನ ಕಾಲದಲ್ಲಿ ಶೆಡ್ಡಿನ ಹತ್ತಿರ ನಾಯಿಯೂ ಸುಳಿಯುತ್ತಿರಲಿಲ್ಲ. ಈಗ ಹುರಿದ ಜೋಳದ ಘಮ ರಸ್ತೆಯ ತುದಿಯವರೆಗೂ ಹರಡಿ ನಾಯಿ, ಗುಬ್ಬಿ, ಅಕ್ಕಪಕ್ಕದ ವರ್ಕ್‌ಷಾಪಿನ ಮಂದಿ ಎಲ್ಲರೂ ಬಾಗಿಲಿಗೆ ಬಂದು ನಿಂತರು. ಬೆಳಗ್ಗೆ ತುಂಬಿದ ಚೀಲ ಸಂಜೆಗೆ ಸೊಂಟಕ್ಕೆ ಇಳಿದಿರುತ್ತಿತ್ತು.

ಒಂದು ಶನಿವಾರ ನಾನು ಶೆಡ್ಡಿಗೆ ಹೋದಾಗ ನಯಾಜ್ ಚೀಲದ ಪಕ್ಕದಲ್ಲಿ ನಿಂತು ಕೂಗಾಡುತ್ತಿದ್ದ.

"ಹುಸೇನಪ್ಪ, ಇದು ಕೆಮಿಕಲ್ ಇಂಡಸ್ಟ್ರಿ ಕಣಯ್ಯ! ಇಲ್ಲಿ ಮಾಡಿದ್ದನ್ನ ತಿನ್ನಬಾರದು!"

"ಕೆಮಿಕಲ್ ಎಲ್ಲೈತ್ರಿ ಸಾಹೇಬ್ರ?" ಹುಸೇನಪ್ಪ ನಿಜವಾಗಿಯೂ ಹುಡುಕುವವನಂತೆ ಸುತ್ತ ನೋಡಿದ. "ಜ್ವಾಳ ಐತಿ, ನೀರ ಐತಿ, ಕರೆಂಟ್ ಐತಿ. ಮತ್ತ ನಾವೇನ್ ತಿಂದಿಲ್ಲರಿ. ಬರೇ ರುಚಿ ನೋಡೀವಿ."

"ದಿನಾ ನೋಡ್ತೀರಾ?"

"ದಿನಾ ಮಾಡ್ತೀವಲ್ರಿ."

ತಿನ್ನದಂತೆ ಮಾಡಲು ನಯಾಜ್ ಹಿಟ್ಟಿಗೆ ಖಾರದಪುಡಿ ಬೆರೆಸಿದ. ಅವನು ಕಲಿತ ಕೆಮಿಸ್ಟ್ರಿಯಲ್ಲಿ ರಾಯಚೂರು ಜಿಲ್ಲೆಯ ನಾಲಿಗೆಯ ಬಗ್ಗೆ ಪಾಠವಿರಲಿಲ್ಲ. ಮಾರನೆಯ ದಿನ ಬಾಲಮ್ಮ ಅದಕ್ಕೆ ಈರುಳ್ಳಿ ಹೆಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ ಚಹಾದ ಜೊತೆ ಎಲ್ಲರಿಗೂ ಹಂಚಿದಳು. ನನಗೂ ಒಂದು ತಟ್ಟೆ ಕೊಟ್ಟಳು. ನಾನು ತಿಂದೆ. ಬಹಳ ಚೆನ್ನಾಗಿತ್ತು, ಗಂಡನ ಎದುರು ಹೇಳಲಿಲ್ಲ ಅಷ್ಟೆ.

ಕೊನೆಗೆ ಅವನು ಬೇವಿನ ಎಲೆ ಒಣಗಿಸಿ ಪುಡಿ ಮಾಡಿ ಸೇರಿಸಿದ. ಅದೂ ಬಯೋಮಾಸೇ ಅಲ್ಲವೇ. ಈ ಸಲ ಗೆದ್ದ. ಒಂದು ತುಂಡು ಬಾಯಿಗೆ ಹಾಕಿಕೊಂಡ ಬಾಲಮ್ಮ ಮುಖ ಕಿವುಚಿ ಹೊರಗೆ ಓಡಿದಳು, ನಾಯಿಗಳು ಮೂಸಿ ನೋಡಿ ಬೆನ್ನು ತಿರುಗಿಸಿದವು. ಚೀಲ ಸಂಜೆಯವರೆಗೂ ತುಂಬಿಯೇ ಇತ್ತು. "ಇನ್ನು ಇದು ನಿಜವಾದ ಇಂಡಸ್ಟ್ರಿ" ಎಂದು ನಯಾಜ್ ಎದೆಯುಬ್ಬಿಸಿದ.

ಈ ಸುದ್ದಿಯೆಲ್ಲ ಶಿವಾಜಿನಗರಕ್ಕೆ ಮುಟ್ಟದಿರುತ್ತದೆಯೇ? ನಾನೂ ಅಲ್ಲಿದ್ದ ಒಂದು ಶನಿವಾರ ಮಧ್ಯಾಹ್ನ ಹಾಶಿಮ್ ಭಾಯಿಜಾನ್ ಶೆಡ್ಡಿಗೇ ಬಂದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಅದಕ್ಕೂ ಮುಂಚೆ ಇಸ್ತ್ರಿ ಮಾಡಿದ ಮುಖ. ಒಂದು ಜೋಳೋಕೋಲನ್ನು ಎರಡು ಬೆರಳಲ್ಲಿ ಹಿಡಿದು, ಮೂಸಿ, ಕೆಳಗಿಟ್ಟರು.

"ನಯಾಜ್, ನನ್ನ ಗೋಲ್ಡ್ ಬಾರ್ಡರ್ ಟೀ ಸೆಟ್ಟನ್ನ ನೀನು ಉಪ್ಪಿಟ್ಟಿನಲ್ಲಿ ಪ್ಯಾಕ್ ಮಾಡ್ತೀಯಾ?"

"ಉಪ್ಪಿಟ್ಟಲ್ಲ ಭಾಯಿಜಾನ್, ಪೆಟ್ರೋಲಿಯಂ ಬದಲಿಗೆ ಬಯೋಮಾಸ್..."

"ಸಾಕು. ಒಂದು ಮಾತು. ನನ್ನ ಒಂದು ಟೀ ಸೆಟ್ ಇದರಲ್ಲಿ ಹೋಗಿ ಬರಲಿ. ಲಾರಿ ಬೇಡ, ಕೆಂಪು ಬಸ್ಸಿನ ಟಾಪ್ ಮೇಲೆ. ರಾಯಚೂರಿನ ಕಡೆ ರೋಡಲ್ಲಿ. ಪೆಟ್ಟಿಗೆ ಒಳಗೆ ಥರ್ಮೋಕೋಲಿನ ಒಂದು ಚೂರೂ ಇರಬಾರದು, ನಿನ್ನ ಈ ಜೋಳ ಮಾತ್ರ. ಒಂದು ಕಪ್ಪಿನ ಕಿವಿ ಮುರಿದರೂ ಶೆಡ್ ಮುಚ್ಚಿ ಅಂಗಡಿಗೆ ಬಾ. ಶಮೀಮ್ ನೀನೂ, ಮನೆ ಖಾಲಿ ಮಾಡಿಕೊಂಡು ಬಂದುಬಿಡಿ. ಎಲ್ಲರೂ ಒಂದೇ ಕಡೆ ಇರೋಣ."

"ಒಡೆಯದಿದ್ದರೆ?" ಎಂದು ನಾನೇ ಕೇಳಿದೆ. ಗಂಡನ ಅಣ್ಣನ ಎದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ಒಡೆಯದಿದ್ದರೆ ನನ್ನ ಅಂಗಡಿಗೆ ಇದನ್ನೇ ಕಳಿಸಲಿ. ನಾನು ತುಟಿ ಬಿಚ್ಚೋದಿಲ್ಲ."

ಯುಗಾದಿ ಹತ್ತಿರ ಬಂದಿತ್ತು. ಹುಸೇನಪ್ಪ, ಬಾಲಮ್ಮ ಇಬ್ಬರೂ ಹಬ್ಬಕ್ಕೆ ಊರಿಗೆ ಹೊರಟಿದ್ದರು. ಪೆಟ್ಟಿಗೆಯನ್ನು ಅವರ ಜೊತೆಗೇ ಕಳಿಸುವುದೆಂದಾಯಿತು. ಭಾಯಿಜಾನ್ ಸ್ವತಃ ಟೀ ಸೆಟ್ ಆರಿಸಿ ತಂದರು. ಚಿನ್ನದ ಅಂಚು, ಗುಲಾಬಿ ಹೂವು, ಮೊಟ್ಟೆಯ ಸಿಪ್ಪೆಯಷ್ಟು ತೆಳು. ನಯಾಜ್ ಒಂದೊಂದು ಕಪ್ಪನ್ನೂ ಹಸುಗೂಸನ್ನು ಮಲಗಿಸುವಂತೆ ಜೋಳೋಕೋಲಿನಲ್ಲಿ ಮಲಗಿಸಿದ. ಬಸ್ಸಿನವರು ಬಾಯಿ ಹಾಕಬಾರದೆಂದು ಬೇವು ಹಾಕಿದ್ದನ್ನೇ ತುಂಬಿದ್ದ. ಮೇಲೆ ಟೇಪು ಸುತ್ತಿ ಹುಸೇನಪ್ಪನ ಕೈಗೆ ಕೊಟ್ಟು, "ಹಬ್ಬ ಮುಗಿಸ್ಕೊಂಡು ಹಾಗೇ ವಾಪಸ್ ತಗೊಂಡು ಬಾ" ಎಂದ. 'ಹಾಗೇ' ಎಂದರೆ ಹೇಗೆ ಎಂದು ಬಿಡಿಸಿ ಹೇಳಬೇಕಿತ್ತು.

ಅವರು ಬರುವವರೆಗೆ ನಾನು ಬಚ್ಚಲುಮನೆಯ ಗಾರೆ ನೆಲವನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದೆ. ಬಿಟ್ಟುಹೋಗಬೇಕಾದ ಜಾಗದ ಮೇಲೆ ಪ್ರೀತಿ ಹೆಚ್ಚಾಗುತ್ತದೆ. ನೀರು ಹುಯ್ದುಕೊಳ್ಳುತ್ತ, 'ಅಲ್ಲಾಹ್, ಭೂಮಿಯ ಪೆಟ್ರೋಲಿಯಂ ನೀನು ಏನಾದರೂ ಮಾಡಿಕೋ, ಈ ಕಪ್ಪುಗಳ ಕಿವಿ ಮಾತ್ರ ಕಾಪಾಡು' ಎಂದು ಬೇಡಿಕೊಂಡೆ.

ಹಬ್ಬ ಕಳೆದ ಭಾನುವಾರ ಬೆಳಗ್ಗೆ ಪೆಟ್ಟಿಗೆ ನೇರವಾಗಿ ನಮ್ಮ ಮನೆಗೇ ಬಂತು. ಭಾಯಿಜಾನ್ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಹುಸೇನಪ್ಪ ಪೆಟ್ಟಿಗೆಯನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟ, ಬಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು. ಅವಳು ಹಾಗೆ ನಿಂತದ್ದೇ ಕೆಟ್ಟ ಶಕುನದಂತಿತ್ತು. ಇಳಿಸುವಾಗ ಪೆಟ್ಟಿಗೆಯೊಳಗಿಂದ ಬಂದ ಸದ್ದು ಇನ್ನೂ ಕೆಟ್ಟದಾಗಿತ್ತು. ಚೂರು ಚೂರಾದದ್ದು ಅಲುಗಾಡುವಂಥ ಸದ್ದು.

"ಒಡೆದಿದೆ" ಎಂದರು ಭಾಯಿಜಾನ್. ಅವರ ದನಿಯಲ್ಲಿ ಬೇಸರವೂ ಇತ್ತು ಎಂದು ಹೇಳಲೇಬೇಕು, ಅದು ಅವರ ಟೀ ಸೆಟ್ಟು.

ನಯಾಜ್ ಟೇಪು ಕಿತ್ತ. ಒಳಗೆ ಬಿಳಿಯ ಚೂರುಗಳು ತುಂಬಿದ್ದವು. ಕಪ್ಪಿನ ಚೂರು ಎಂದುಕೊಂಡು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ನಯಾಜ್ ಒಂದು ಚೂರನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದ.

"ರೊಟ್ಟಿ" ಎಂದ.

ರೊಟ್ಟಿಯೇ. ಉತ್ತರ ಕರ್ನಾಟಕದ ಕಡೆಯ ಖಡಕ್ ಜೋಳದ ರೊಟ್ಟಿ. ಒಂದೂ ಇಡಿಯಾಗಿರಲಿಲ್ಲ, ಎಲ್ಲ ನುಚ್ಚುನೂರು. ಆ ನುಚ್ಚಿನೊಳಗಿಂದ ಅವನು ಕಪ್ಪುಗಳನ್ನು ಹೊರಗೆ ತೆಗೆಯುತ್ತ ಹೋದ. ಒಂದು ಕಪ್ಪಿನೊಳಗೆ ಗುರೆಳ್ಳು ಪುಡಿ, ಇನ್ನೊಂದರೊಳಗೆ ಅಗಸಿ ಪುಡಿ, ಟೀ ಪಾಟಿನೊಳಗೆ ಕಂಠದವರೆಗೆ ಗಿಡಿದು ತುಂಬಿದ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ. ಪಾಟಿನ ಹೊಟ್ಟೆಗೆ ಅರಿಶಿನ, ಮೂತಿಗೆ ಕುಂಕುಮ. ಎಲ್ಲ ಕಪ್ಪುಗಳ ಕಿವಿಗಳೂ ಇದ್ದ ಜಾಗದಲ್ಲೇ ಇದ್ದವು.

ಭಾಯಿಜಾನ್ ಪಾಟನ್ನು ತೋರಿಸಿ, "ಇದಕ್ಕೆ ಪೂಜೆ ಮಾಡಿದ್ದು ಯಾರು?" ಎಂದು ಕೇಳಿದರು.

"ನಮ್ಮವ್ವರಿ, ಪೀರಮ್ಮ" ಎಂದ ಹುಸೇನಪ್ಪ. "ಹೊಸಾ ಸಾಮಾನ ಮನಿಗಿ ಬಂದ್ರ ಪೂಜಿ ಮಾಡಬೇಕಲ್ರಿ."

ಉಳಿದದ್ದನ್ನು ಬಾಲಮ್ಮ ಹೇಳಿದಳು. ಬೆಂಗಳೂರಲ್ಲಿ ಏನು ಕೆಲಸ ಎಂದು ತಾಯಿ ಕೇಳಿದಾಗಲೆಲ್ಲ ಹುಸೇನಪ್ಪ, "ಜ್ವಾಳದ್ದು ಚುರಮರಿ ಮಾಡೋ ಫ್ಯಾಕ್ಟರಿ" ಎಂದಿದ್ದನಂತೆ. ಪೆಟ್ರೋಲಿಯಂನಿಂದ ಹಿಡಿದು ವಿವರಿಸುವುದಕ್ಕಿಂತ ಅದು ಸುಲಭ. ಅಮಾವಾಸ್ಯೆಯ ದಿನ ಗಂಡ ಹೆಂಡತಿ ಹೊಳೆಯ ಸ್ನಾನಕ್ಕೆ ಹೋಗಿದ್ದಾರೆ. ಮಗ ತನ್ನ ಫ್ಯಾಕ್ಟರಿಯ ಚುರಮರಿ ತಂದಿದ್ದಾನೆ, ಅದನ್ನು ಹಾಕಿ ಕೊಡಲು ಕಪ್ಪನ್ನೂ ತಂದಿದ್ದಾನೆ ಎಂದುಕೊಂಡ ಪೀರಮ್ಮ ಪೆಟ್ಟಿಗೆ ಬಿಚ್ಚಿದ್ದಾಳೆ. ಪಟ್ಟಣದಿಂದ ಬಂದ ತಿನಿಸನ್ನು ಓಣಿಯವರಿಗೆಲ್ಲ ಹಂಚದೆ ಇರುವುದುಂಟೇ?

"ಸೂಸ್ಲಾ ಮಾಡೋಣಂತ ನೀರಾಗ ನೆನಿ ಹಾಕ್ಯಾಳ್ರಿ" ಎಂದಳು ಬಾಲಮ್ಮ. ಚುರಮರಿ, ಅಂದರೆ ಮಂಡಕ್ಕಿ, ಅದನ್ನು ನೆನೆಸಿ, ಹಿಂಡಿ, ಒಗ್ಗರಣೆ ಹಾಕಿದರೆ ಅವರ ಕಡೆಯ ಸೂಸ್ಲಾ. "ಹಿಂಡಾಕ ಕೈ ಹಾಕಿದ್ರ ಏನೂ ಇಲ್ರಿ. ಎಲ್ಲಾ ಕರಗಿ ಗಂಜಿ ಆಗಿ ಕುಂತೈತಿ."

"ಕರಗಿತಾ?" ನಯಾಜ್ ಮೊಣಕಾಲೂರಿ ಮುಂದೆ ಬಂದ. "ಪೂರ್ತಿ ಕರಗಿತಾ? ತಣ್ಣೀರಲ್ಲೋ ಬಿಸಿನೀರಲ್ಲೋ? ತಳದಲ್ಲಿ ಏನಾದ್ರೂ ಉಳೀತಾ?"

ನನ್ನ ಬಚ್ಚಲುಮನೆ ನೂಲೆಳೆಯಲ್ಲಿ ತೂಗುತ್ತಿರುವಾಗ ಈ ಮನುಷ್ಯನಿಗೆ ತಳದ ಚಿಂತೆ. ಕಾಲಿನಿಂದ ಅವನ ಬೆನ್ನಿಗೆ ತಿವಿದೆ.

"ಏನೂ ಉಳೀಲಿಲ್ರಿ. ಬಾಯಿಗಿ ಹಾಕ್ಕೊಂಡ್ರ ಕಹಿ. ನಮ್ಮತ್ತಿ ಹೆದರೋ ಪೈಕಿ ಅಲ್ರಿ. ಕಹಿ ಐತಿ ಅಂದ್ರ ಬೇವು ಹಾಕ್ಯಾರ, ಬೇವು ಹಾಕ್ಯಾರ ಅಂದ್ರ ಯುಗಾದಿಗಿ ಅಂತನ ಮಾಡಿ ಕಳಸ್ಯಾರ ಅಂದ್ಳು. ಬೆಲ್ಲ, ಹುಣಸಿಹುಳಿ, ಮಾವಿನಕಾಯಿ ಹಾಕಿ ಮರುದಿನ ಓಣಿಗೆಲ್ಲಾ ಅದನ್ನ ಯುಗಾದಿ ಬೇವು ಅಂತ ಕುಡ್ಯಾಕ ಕೊಟ್ಳ್ರಿ. ಈ ಕಪ್ಪಿನಾಗ."

"ನನ್ನ ಗೋಲ್ಡ್ ಬಾರ್ಡರ್ ಕಪ್ಪಿನಲ್ಲಿ" ಎಂದರು ಭಾಯಿಜಾನ್.

"ಹೌದ್ರಿ. ಎಲ್ಲಾರೂ ನಿಮಗ ಚಲೋ ಆಗ್ಲಿ ಅಂದ್ರು" ಎಂದು ಹುಸೇನಪ್ಪ ಕೈ ಮುಗಿದ. "ಮತ್ತ ಬರಾಗ ಡಬ್ಬಿ ಖಾಲಿ ಆಗಿತ್ತಲ್ರಿ. ಬರೇ ಡಬ್ಬಿ ಕಳಸಿದ್ರ ಸಾಹೇಬ್ರು ಏನ್ ತಿಳ್ಕೋತಾರ ಅಂತ ನಮ್ಮವ್ವ ಓಣಿ ಹೆಣ್ಮಕ್ಕಳನ್ನೆಲ್ಲಾ ಕೂಡಿಸಿ ರೊಟ್ಟಿ ಬಡದು ತುಂಬ್ಯಾಳ. ನಾ ಬ್ಯಾಡಂದೆ. ನನ್ನ ಮಾತು ಯಾರ ಕೇಳ್ತಾರ್ರಿ ಅಲ್ಲಿ?"

ಭಾಯಿಜಾನ್ ಒಂದು ರೊಟ್ಟಿಯ ಚೂರನ್ನು ಎತ್ತಿಕೊಂಡರು. ತಮ್ಮನನ್ನು ನೋಡಿದರು. "ಹಾಗಾದರೆ ಇದು ನಿನ್ನ ಮೆಷಿನ್ನಿನ ಮಾಲಲ್ಲ. ನಿನ್ನ ಮಾಲನ್ನು ಊರವರು ಕುಡಿದರು."

"ಹೋಗೋವಾಗ ಇತ್ತಲ್ಲ ಭಾಯಿಜಾನ್, ಒಂದೂ ಒಡೆದಿಲ್ಲ..."

"ಹೋಗಿ ಬರಬೇಕು ಅಂದಿದ್ದೆ. ಹೋಗಿ ಅಲ್ಲೇ ಹಬ್ಬ ಮಾಡಬೇಕು ಅಂದಿರಲಿಲ್ಲ."

ನಯಾಜ್ ತಲೆ ತಗ್ಗಿಸಿದ. ಅವನ ಹೆಗಲು ಇಳಿದುಹೋಯಿತು. ಅವನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೂ ಆ ಒಂದು ಕ್ಷಣದಲ್ಲಿ ಕರಗಿಹೋಯಿತು. ಭೂಮಿಯ ಚಿಂತೆ ಮಾಡುವ ಗಂಡ ಸಿಗುವುದು ಸುಲಭವಲ್ಲ, ತಲೆನೋವಾದರೂ ಅವನು ನನ್ನವನು. ಗಲ್ಲಾದ ಪಕ್ಕ ಕೂತು ಕಪ್ಪು ಸಾಸರು ಎಣಿಸಿದರೆ ಅವನು ಬಾಡಿಹೋಗುತ್ತಾನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಮೊದಲು ತಿನ್ನಿ ಭಾಯಿಜಾನ್" ಎಂದೆ. ಬೇರೇನೂ ತೋಚಲಿಲ್ಲ. ಮೊಸರು ತಂದಿಟ್ಟು, ಟೀ ಪಾಟಿನಿಂದಲೇ ಶೇಂಗಾ ಹಿಂಡಿ ಬಡಿಸಿದೆ. ಅವರು ಬೇಡ ಬೇಡ ಎನ್ನುತ್ತ ಒಂದು ಚೂರು ತಿಂದರು. ಎರಡನೆಯದಕ್ಕೆ ಬೇಡ ಎನ್ನಲಿಲ್ಲ. ಆಮೇಲೆ ಪಾಟನ್ನು ತಮ್ಮ ಕಡೆಗೇ ಎಳೆದುಕೊಂಡರು. ಹಣೆಯಲ್ಲಿ ಬೆವರು ಒಡೆಯಿತು. ಅದನ್ನು ಒರೆಸಲು ಹೋಗಿ ಪುಡಿ ಮೆತ್ತಿದ ಬೆರಳನ್ನು ಕಣ್ಣಿಗೇ ಹಾಕಿಕೊಂಡರು.

"ಯಾ ಅಲ್ಲಾಹ್!" ಎಂದು ಹಾರಿದವರು, "ನೀರು, ನೀರು" ಎನ್ನುತ್ತ ಗೋಡೆ ತಡವಿಕೊಂಡು ನಡೆದರು. ನಾನು ಕೈ ಹಿಡಿದು ಬಚ್ಚಲುಮನೆಗೆ ಬಿಟ್ಟೆ. ನೀಲಿ ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ನಲ್ಲಿ ಸುರಿಯುವ ಸದ್ದು, ಮುಖಕ್ಕೆ ನೀರು ಎರಚಿಕೊಳ್ಳುವ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ನಾವು ನಾಲ್ವರೂ ಬಾಗಿಲನ್ನೇ ನೋಡುತ್ತ ಕೂತೆವು. ಆಮೇಲೆ ಬಾಯ್ಲರಿನ ನಲ್ಲಿ ತಿರುಗಿದ ಸದ್ದು ಕೇಳಿಸಿತು. ಬಕೆಟ್ಟಿಗೆ ನೀರು ತುಂಬಿತು. ಒಂದು ಚೊಂಬು ನೀರು ಬಿದ್ದ ಸದ್ದು, ಇನ್ನೊಂದು, ಮತ್ತೊಂದು.

"ಸ್ನಾನ ಮಾಡಾಕ ಹತ್ಯಾರ್ರಿ" ಎಂದ ಹುಸೇನಪ್ಪ ಮೆಲ್ಲಗೆ.

ಅದಾದ ಮೇಲೆ ಒಳಗಿನಿಂದ ಹಾಡು ಬಂತು. ಯಾವುದೋ ಹಳೆಯ ಕವ್ವಾಲಿ, ತಾಳ ತಪ್ಪಿ, ಸ್ವರ ತಪ್ಪಿ, ಗಂಟಲು ಬಿಚ್ಚಿ. ನಯಾಜ್ ನನ್ನ ಮುಖ ನೋಡಿದ. ತನ್ನ ಅಣ್ಣ ಹಾಡುತ್ತಾನೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಕೊನೆಗೆ ಅವನು ಕಾಳಜಿಯಿಂದ ಎದ್ದು, "ಭಾಯಿಜಾನ್, ಎಲ್ಲಾ ಸರಿ ಇದೆಯಾ" ಎಂದು ಕೇಳಲು ಬಾಗಿಲಿಗೆ ಕೈ ಎತ್ತಿದ. ನಾನು ಅವನ ಮಣಿಕಟ್ಟು ಹಿಡಿದುಬಿಟ್ಟೆ.

"ತಟ್ಟಬೇಡಿ" ಎಂದೆ.

ಬಾಲಮ್ಮ ಎಲ್ಲರಿಗೂ ಚಹಾ ಮಾಡಿ, ನಾವದನ್ನು ಕುಡಿದು, ಅವಳು ಲೋಟ ತೊಳೆದಿಟ್ಟ ಮೇಲೆ ಬಾಗಿಲು ತೆರೆಯಿತು. ಭಾಯಿಜಾನ್ ನಯಾಜನ ಟವೆಲನ್ನು ತಲೆಗೆ ಸುತ್ತಿಕೊಂಡು ಹೊರಗೆ ಬಂದರು. ಒಂದು ಕಣ್ಣು ಕೆಂಪಗಾಗಿತ್ತು. ಮುಖದ ಇಸ್ತ್ರಿ ಪೂರ್ತಿ ಬಿಟ್ಟುಹೋಗಿತ್ತು. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಆ ನೀಲಿ ಬಾಗಿಲನ್ನು ನೋಡಿದರು.

"ಯಾರೂ ತಟ್ಟಲಿಲ್ಲ" ಎಂದರು.

ಆ ದನಿಯನ್ನು ನಾನು ಅವರಿಂದ ಎಂದೂ ಕೇಳಿರಲಿಲ್ಲ. ಫ್ರೇಜರ್ ಟೌನಿನ ಆ ಮನೆಯ ಯಜಮಾನರು, ಎಲ್ಲರಿಗೂ ಹಿರಿಯರು. ಅವರೂ ಆ ಸಾಲಿನಲ್ಲಿ ನಿಲ್ಲುತ್ತಿದ್ದರು, ಅವರ ಬೆನ್ನಿಗೂ ಸ್ಟೀಲ್ ಲೋಟದ ಸದ್ದು ಬೀಳುತ್ತಿತ್ತು ಎಂಬುದು ಇಷ್ಟು ವರ್ಷ ನನಗೆ ಹೊಳೆದೇ ಇ‌ರಲಿಲ್ಲ.

ಅವರು ಗಂಟಲು ಸರಿಮಾಡಿಕೊಂಡರು. "ನಯಾಜ್, ಕಪ್ ಒಡೆದಿಲ್ಲ. ಹೋಗೋವಾಗ ಜೋಳ, ಬರೋವಾಗ ಜೋಳ. ಪೆಟ್ಟಿಗೆಯಲ್ಲಿ ಪೆಟ್ರೋಲಿಯಂ ಇರಲಿಲ್ಲ. ನೀನು ಗೆದ್ದೆ. ಶೆಡ್ ನಡೆಸು, ನೀವಿಬ್ಬರೂ ಇಲ್ಲೇ ಇರಿ."

"ಟೇಪ್ ಮಾತ್ರ ಪೆಟ್ರೋಲಿಯಂ ಭಾಯಿಜಾನ್" ಎಂದ ನನ್ನ ಗಂಡ, ಸತ್ಯಸಂಧ. "ಪ್ಲಾಸ್ಟಿಕ್ಕು. ಮುಂದಿನ ಸಲ ಗೋಂದು..."

ನಾನು ಅವನ ತೋಳು ಚಿವುಟಿದ್ದರ ಗುರುತು ವಾರವಿಡೀ ಉಳಿಯಿತು.

"ಇದು ಒಳ್ಳೆ ಬಾಗಿಲು" ಎಂದರು ಭಾಯಿಜಾನ್ ಎದ್ದು ನಿಲ್ಲುತ್ತ.

ನಯಾಜ್ ಬಾಯಿ ತೆರೆದ. ನನ್ನ ಮುಖ ನೋಡಿದ. ಬಾಯಿ ಮುಚ್ಚಿಕೊಂಡ.

ಜೋಳೋಕೋಲ್ ಶಿವಾಜಿನಗರದ ಅಂಗಡಿಗೆ ಹೋಗಲು ಶುರುವಾಯಿತು. ಬೇವು ಹಾಕಿದ್ದು ಗಿರಾಕಿಗಳಿಗೆ, ಖಾರ ಹಾಕಿದ್ದು ಶೆಡ್ಡಿನವರ ಚಹಾಕ್ಕೆ ಎಂದು ನಯಾಜನೂ ಹುಸೇನಪ್ಪನೂ ರಾಜಿ ಮಾಡಿಕೊಂಡರು. ಮುಂದಿನ ಯುಗಾದಿಗೂ ಒಂದು ಚೀಲ ಕಳಿಸಬೇಕೆಂದು ಪೀರಮ್ಮನ ಓಣಿಯಿಂದ ಹೇಳಿಕೆ ಬಂದಿದೆ, ಕಪ್ಪು ಸಮೇತ.

ಹಾಶಿಮ್ ಭಾಯಿಜಾನ್ ಈಗ ಪ್ರತಿ ಶುಕ್ರವಾರ ಬೆಳಗ್ಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬರುತ್ತಾರೆ. ತಮ್ಮನ ಯೋಗಕ್ಷೇಮ ವಿಚಾರಿಸಲು ಬಂದೆ ಎನ್ನುತ್ತಾರೆ, ವಿಚಾರಿಸದೆ ನೇರ ಒಳಗೆ ಹೋಗುತ್ತಾರೆ. ನನಗೆ ಶಾಲೆಗೆ ಹೊತ್ತಾಗಿರುತ್ತದೆ, ಬಾಯ್ಲರಿನ ಬಿಸಿನೀರು ಮುಗಿಯುತ್ತ ಬಂದಿರುತ್ತದೆ, ಒಳಗೆ ಕವ್ವಾಲಿ ಇನ್ನೂ ಅರ್ಧಕ್ಕೆ ಬಂದಿರುವುದಿಲ್ಲ. ಸೋಪಿನ ಡಬ್ಬಿ ಹಿಡಿದುಕೊಂಡು ನನ್ನದೇ ಬಚ್ಚಲುಮನೆಯ ಹೊರಗೆ ನಿಂತಿರುತ್ತೇನೆ. ತಟ್ಟುವುದಿಲ್ಲ.